ಗಿಣ್ಣಿನ ಹಾಲೂ ಗಾಲ್ಜಿಯ ಬಲೆಯೂ

ಆಲಂಕಾರಿನ ನಮ್ಮ ಮನೆಯಲ್ಲಿ ದನ ಕರು ಹಾಕಿತೆಂದರೆ ಮಕ್ಕಳಾದ ನಮಗೆ ಮೊದಲು ನೆನಪಾಗುತ್ತಿದ್ದುದು ಗಿಣ್ಣು. ಹಟ್ಟಿಯಿಂದ ಬಂದ ಹಳದಿ ಹಾಲಿಗೆ ಅಜ್ಜಿ ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ನೆರೆಮನೆಗಳಿಗೂ ತುಂಡು ಹೋಗಲೇಬೇಕು. 1991ರ ಮಳೆಗಾಲದಲ್ಲಿ ಹುಟ್ಟಿದ ಕರುವೊಂದು ವಾರದೊಳಗೆ ಭೇದಿ ಹತ್ತಿ ಸತ್ತಿತು. ಮೊದಲ ದಿನ ಅದಕ್ಕೆಂದು ನಾವು ಬಿಟ್ಟ ಹಾಲು ತೀರ ಸ್ವಲ್ಪ. ದೃಷ್ಟಿ ತಾಗಿತೆಂದರು ಹಿರಿಯರು.

ಬೇರೆ ಕಾರಣವಿದ್ದೀತೆಂದು ನನಗೆ ಹೊಳೆದದ್ದು ಬಹು ವರ್ಷಗಳ ಮೇಲೆ. ಗರ್ಭದಲ್ಲಿರುವ ಕರುವಿಗೆ ತಾಯಿಯ ರಕ್ತದಿಂದ ರೋಗನಿರೋಧಕ ಪ್ರೋಟೀನುಗಳು ದೊರೆಯುವುದಿಲ್ಲ. ಗಿಣ್ಣಿನ ಹಾಲಿನಲ್ಲಿಯೇ ಬರಬೇಕು. ಕೆಚ್ಚಲಿನ ಜೀವಕೋಶಗಳು ಅವನ್ನು ರಕ್ತದಿಂದ ಎತ್ತಿಕೊಂಡು, ಕಿರುಚೀಲಗಳಲ್ಲಿಟ್ಟು, ಆಚೆ ಬದಿಯ ಹಾಲಿಗೆ ದಾಟಿಸುತ್ತವೆ. ಕರುವಿನ ಕರುಳು ಅವನ್ನು ಇಡಿಯಾಗಿ ಹೀರಿಕೊಳ್ಳುವುದು ಹುಟ್ಟಿದ ಸುಮಾರು ಒಂದು ದಿನ ಮಾತ್ರ.

ಹಾಲಿನ ಕೇಸೀನಿನ ಕಥೆ ಬೇರೆ. ಅದನ್ನು ಕೆಚ್ಚಲಿನ ಕೋಶವೇ ತಯಾರಿಸಿ ಹೊರಗೆ ಕಳುಹಿಸುತ್ತದೆ. ಈ ಸಾಗಾಟದ ದಾರಿ ಪತ್ತೆಯಾದ ಬಗೆ ನನ್ನಂಥ ಕನ್ನಡ ಮೇಷ್ಟ್ರಿಗೂ ರುಚಿಸುವಂಥದು.

1898ರಲ್ಲಿ ಇಟಲಿಯ ಪಾವಿಯಾದಲ್ಲಿ ಕಮಿಲ್ಲೊ ಗಾಲ್ಜಿ ಗೂಬೆಯ ಮಿದುಳಿನ ನರಕೋಶಗಳಿಗೆ ಬೆಳ್ಳಿಯ ಲವಣ ಊಡಿಸಿ ನೋಡಿದಾಗ ಒಳಗೊಂದು ಕಪ್ಪು ಬಲೆ ಕಂಡಿತು. ಅನೇಕ ಪಂಡಿತರು ಅದನ್ನು ನಂಬಲಿಲ್ಲ, ಬಣ್ಣದಿಂದಾದ ಭ್ರಮೆಯೆಂದರು. ಓಲೆಯಲ್ಲಿರುವುದು ಕವಿಯ ಪಾಠವೋ ಲಿಪಿಕಾರನ ತಪ್ಪೋ ಎಂದು ನಾವು ಜಗಳಾಡುವುದಿಲ್ಲವೆ, ಹಾಗೆಯೇ. ಗಾಲ್ಜಿ 1926ರಲ್ಲಿ ತೀರಿಕೊಂಡರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅವರ ಬಲೆ ನಿಜವೆಂದು ತೋರಿಸಿದ್ದು 1950ರ ದಶಕದಲ್ಲಿ.

ಇದ್ದರೂ ಅದರ ಕೆಲಸವೇನು? ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಜಾರ್ಜ್ ಪಲಾಡೆಯವರೂ ಜೇಮೀಸನ್ನರೂ ಗಿನಿ ಇಲಿಯ ಮೇದೋಜೀರಕಾಂಗದ ತೆಳು ಹೋಳುಗಳಿಗೆ ವಿಕಿರಣ ಸೂಸುವ ಅಮೈನೋ ಆಮ್ಲವನ್ನು ಮೂರೇ ನಿಮಿಷ ಉಣಿಸಿ, ಅದರ ಹೆಜ್ಜೆಗುರುತು ಹಿಡಿದು ಹೊರಟರು. 1967ರಲ್ಲಿ ಪ್ರಕಟವಾದ ಆ ವರದಿ ಪತ್ತೇದಾರಿ ಕಥೆಗೆ ಕಡಮೆಯದಲ್ಲ. ಹೊಸ ಪ್ರೋಟೀನು ಮೊದಲು ಕಂಡದ್ದು ರೈಬೋಸೋಮುಗಳು ಅಂಟಿಕೊಂಡ ಪೊರೆಗಳಲ್ಲಿ. ಕೆಲ ನಿಮಿಷಗಳಲ್ಲಿ ಗಾಲ್ಜಿಯ ಬಲೆಯ ಅಂಚಿನಲ್ಲಿ. ಸುಮಾರು ಎರಡು ಗಂಟೆಗಳಲ್ಲಿ, ಹೊರಗೆ ಸುರಿಯಲು ಸಿದ್ಧವಾದ ಕಣಗಳಲ್ಲಿ. ಪಲಾಡೆಯವರಿಗೆ 1974ರಲ್ಲಿ ಇತರ ಇಬ್ಬರೊಡನೆ ನೊಬೆಲ್ ಬಂತು. ಹೊರಡುವ ಪ್ರೋಟೀನು ತನ್ನ ವಿಳಾಸವನ್ನು ತನ್ನಲ್ಲೇ ಹೊತ್ತಿರುತ್ತದೆಂದು ತೋರಿಸಿದ ಗುಂಟರ್ ಬ್ಲೋಬೆಲ್ಲರಿಗೆ 1999ರಲ್ಲಿ.

ಈಗ ನಮ್ಮ ಹಟ್ಟಿಯಲ್ಲಿ ಮೊದಲ ಹಾಲು ಕರುವಿಗೆ. ಗಿಣ್ಣು ಮಾಡುವುದು ಮರುದಿನದ ಹಾಲಿನಲ್ಲಿ. ಅದು ಅಜ್ಜಿ ಮಾಡುತ್ತಿದ್ದಷ್ಟು ಗಟ್ಟಿಯಾಗಿ ಕೂರುವುದಿಲ್ಲ, ಚಮಚದಲ್ಲಿ ತಿನ್ನಬೇಕು.