ಸ್ಕೂಲ್ ಎಂದರೆ ಪುರುಸೊತ್ತು

“ಆಂಟಿ, ವಾರವೆಲ್ಲಾ ಸ್ಕೂಲು, ಶನಿವಾರಾನೂ ಸ್ಕೂಲಾ?” ಎಂದು ನಮ್ಮ ತರಗತಿಯ ಹುಡುಗನೊಬ್ಬ ಕಳೆದ ಚಳಿಗಾಲದಲ್ಲಿ ಕೇಳಿದ. ಹೊರಗೆ ಅವನ ಗೆಳೆಯರು ಫುಟ್‌ಬಾಲ್ ಆಡುವ ಹೊತ್ತು. ಒಳಗೆ ನಾವು ಒತ್ತಕ್ಷರ ತಿದ್ದುತ್ತಿದ್ದೆವು. ಅವತ್ತು ಏನೋ ಹೇಳಿ ಸಮಾಧಾನ ಮಾಡಿದೆ. ಆದರೆ ಮಕ್ಕಳ ಒಂದೇ ಒಂದು ರಜೆಯ ಬೆಳಗನ್ನು ನಾವು ಕಿತ್ತುಕೊಳ್ಳುತ್ತಿದ್ದೇವೆಯೇ ಎಂಬ ಅಳುಕು ನನ್ನಲ್ಲಿ ಉಳಿಯಿತು. ಈ ವರ್ಷ ಅವನೂ ಕೊನೆಯ ಹಂತ ಮುಗಿಸಿ ಪ್ರಮಾಣಪತ್ರ ಪಡೆಯುತ್ತಿದ್ದಾನೆ. ಅವನು ಬೇಸರದಿಂದ ಹೇಳಿದ ಆ ಪದದ ಕಥೆಯನ್ನೇ ಇಲ್ಲಿ ಬರೆಯುತ್ತೇನೆ.

‘ಸ್ಕೂಲ್’ ಪದದ ಮೂಲ ಗ್ರೀಕ್ ಭಾಷೆಯ ‘ಸ್ಖೊಲೇ’. ಮೊದಲಿಗೆ ಅದಕ್ಕೂ ಪಾಠ, ಪುಸ್ತಕ, ಬೆಲ್ಲುಗಳಿಗೂ ಸಂಬಂಧವೇ ಇರಲಿಲ್ಲ. ಅದರ ಅರ್ಥ ಬಿಡುವು. ನಮ್ಮ ಆಡುಮಾತಿನಲ್ಲಿ ಹೇಳಬೇಕೆಂದರೆ ಪುರುಸೊತ್ತು! ಇನ್ನೂ ಸ್ವಾರಸ್ಯವೆಂದರೆ, ಕೆಲಸಕಾರ್ಯ, ವ್ಯವಹಾರ ಎನ್ನಲು ಗ್ರೀಕರು ಬಳಸುತ್ತಿದ್ದ ಒಂದು ಪದ ‘ಅಸ್ಖೊಲಿಯಾ’, ಅಂದರೆ ಪುರುಸೊತ್ತು ಇಲ್ಲದಿರುವುದು. ನ್ಯಾಯಕ್ಕೆ ‘ಅ’ ಸೇರಿಸಿ ಅನ್ಯಾಯ ಎನ್ನುತ್ತೇವಲ್ಲ, ಹಾಗೆ. ನಮಗೆ ಕೆಲಸ ಮುಖ್ಯ, ಮಿಕ್ಕಿದ್ದು ಬಿಡುವು. ಅವರ ಮಾತಿನಲ್ಲಿ ಬಿಡುವೇ ಮೊದಲು. ದುಡಿಮೆಯ ಗುರಿಯೇ ಬಿಡುವು ಎಂದು ಅರಿಸ್ಟಾಟಲ್ ವಾದಿಸಿದ್ದಾನೆ.

ಬಿಡುವಿದ್ದವರು ಏನು ಮಾಡುತ್ತಿದ್ದರು? ಒಂದೆಡೆ ಸೇರಿ ಮಾತಾಡುತ್ತಿದ್ದರು, ವಾದ ಮಾಡುತ್ತಿದ್ದರು. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಪ್ಲೇಟೊ ಅಥೆನ್ಸ್ ಕೋಟೆಯ ಹೊರಗಿನ ‘ಅಕಾಡೆಮಿ’ ಎಂಬ ತೋಪಿನಲ್ಲಿ ಶಿಷ್ಯರನ್ನು ಸೇರಿಸಿದ. ಅವನ ಶಿಷ್ಯ ಅರಿಸ್ಟಾಟಲ್ ಮುಂದೆ ‘ಲೈಸಿಯಮ್’ನಲ್ಲಿ ಪಾಠ ಹೇಳಿದ. ಎರಡೂ ಊರಿನವರು ವ್ಯಾಯಾಮಕ್ಕೆ ಬರುತ್ತಿದ್ದ ಜಾಗಗಳು. ಬಿಡುವು ಎಂಬ ಪದ ನಿಧಾನವಾಗಿ ಬಿಡುವಿನ ಚರ್ಚೆಯಾಯಿತು, ಚರ್ಚೆ ಪಾಠವಾಯಿತು, ಕೊನೆಗೆ ಪಾಠ ನಡೆಯುವ ಜಾಗಕ್ಕೂ ಅದೇ ಹೆಸರು ಬಂತು. ಆದರೆ ಆ ಬಿಡುವು ಎಲ್ಲರದ್ದೂ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅಥೆನ್ಸಿನ ಸಿರಿಗೆ ಲಾರಿಯನ್ ಬೆಳ್ಳಿ ಗಣಿಗಳಲ್ಲಿ ಗುಲಾಮರು ಬೆವರು ಸುರಿಸುತ್ತಿದ್ದರು. ಅವರ ಪಾಲಿಗೆ ಇದ್ದದ್ದು ಬರೀ ಅಸ್ಖೊಲಿಯಾ.

ಗ್ರೀಕ್ ಪದ ಲ್ಯಾಟಿನ್‌ನಲ್ಲಿ ‘ಸ್ಕೋಲಾ’ ಆಯಿತು. (ರೋಮನ್ನರು ಚಿಕ್ಕ ಮಕ್ಕಳ ಶಾಲೆಗೆ ‘ಲೂಡುಸ್’ ಎನ್ನುತ್ತಿದ್ದರು. ಅದರ ಅರ್ಥ ಆಟ! ಒತ್ತಕ್ಷರ ತಿದ್ದುವಾಗ ಇದು ನೆನಪಾದರೆ ನಗು ಬರುತ್ತದೆ.) ಅಲ್ಲಿಂದ ಹಳೆಯ ಇಂಗ್ಲಿಷಿಗೆ ‘ಸ್ಕೋಲ್’ ಆಗಿ ಬಂತು. ಉಚ್ಚಾರದಲ್ಲಿ ಕೇಳಿಸದ ಆ ‘ಎಚ್’ ಅಕ್ಷರವನ್ನು ಲ್ಯಾಟಿನ್ ಕಾಗುಣಿತ ನೋಡಿ ಆಮೇಲೆ ಸೇರಿಸಿದರು. ಮೀನಿನ ಹಿಂಡಿಗೂ ‘ಸ್ಕೂಲ್’ ಎನ್ನುತ್ತಾರಲ್ಲ, ಅದು ಡಚ್ ಕಡೆಯಿಂದ ಬಂದ ಬೇರೆಯೇ ಪದ.

ಸ್ಪೇನಿನವರಿಗೆ ‘ಸ್ಕ’ದಿಂದ ಪದ ಶುರುಮಾಡಲು ನಾಲಿಗೆ ಹೊರಳಲಿಲ್ಲ. ಮುಂದೊಂದು ಸ್ವರ ಸೇರಿಸಿ ‘ಎಸ್ಕ್ವೇಲಾ’ ಎಂದರು. ನಮ್ಮ ನೆರೆಯ ವೇಲ್ಸಿನಲ್ಲಿ ಅದು ‘ಅಸ್ಗೋಲ್’. ರಜೆಯಲ್ಲಿ ಆ ಕಡೆ ಹೋದವರು ರಸ್ತೆ ಫಲಕಗಳಲ್ಲಿ ಈ ಪದವನ್ನು ನೋಡಿಯೇ ಇರುತ್ತೀರಿ. ನಮ್ಮ ಅಜ್ಜಿ ‘ಇಸ್ಕೂಲು’ ಎಂದಾಗ ನಾವು ನಕ್ಕದ್ದುಂಟು. ಅಜ್ಜಿ ಮಾಡಿದ್ದು ಸ್ಪೇನು, ವೇಲ್ಸಿನವರು ಮಾಡಿದ್ದನ್ನೇ!

ಬಿಡುವಿಗೂ ಓದಿಗೂ ಇದ್ದ ನಂಟು ಇದೇ ಬ್ರಿಟನ್ನಿನಲ್ಲಿ ಮತ್ತೊಮ್ಮೆ ಕಾಣಿಸಿಕೊಂಡಿತು. 18ನೇ ಶತಮಾನದ ಗ್ಲಾಸ್ಟರ್ ನಗರ ಗುಂಡುಸೂಜಿ ತಯಾರಿಕೆಗೆ ಹೆಸರಾಗಿತ್ತು. ಬಡವರ ಮಕ್ಕಳು ವಾರದ ಆರು ದಿನ ಅಲ್ಲಿ ದುಡಿಯುತ್ತಿದ್ದರು. ಅವರಿಗೆ ಬಿಡುವಿದ್ದದ್ದು ಭಾನುವಾರ ಒಂದೇ ದಿನ. ಸ್ಥಳೀಯ ಪತ್ರಿಕೆಯ ಒಡೆಯ ರಾಬರ್ಟ್ ರೇಕ್ಸ್ 1780ರಲ್ಲಿ ಅಂಥ ಮಕ್ಕಳಿಗೆ ಭಾನುವಾರದ ಶಾಲೆ ತೆರೆದ. ಅವನಿಗಿಂತ ಮೊದಲೂ ಅಲ್ಲಲ್ಲಿ ಇಂಥ ಪ್ರಯತ್ನ ನಡೆದಿತ್ತು. ಅವನ ಪತ್ರಿಕೆಯಿಂದಾಗಿ ಸುದ್ದಿ ದೇಶವೆಲ್ಲಾ ಹಬ್ಬಿತು. ಓದಲು ಕಲಿಸುತ್ತಿದ್ದುದು ಬೈಬಲ್ಲಿಗಾಗಿ, ನಿಜ. ಆದರೆ ಅಕ್ಷರ ಬಂದ ಮೇಲೆ ಏನನ್ನಾದರೂ ಓದಬಹುದಲ್ಲ! ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 5ರಿಂದ 10 ವರ್ಷದ ಮಕ್ಕಳೆಲ್ಲ ಶಾಲೆಗೆ ಹೋಗಲೇಬೇಕು ಎಂಬ ಕಾನೂನು ಬಂದದ್ದು 1880ರಲ್ಲಿ, ನೂರು ವರ್ಷಗಳ ಮೇಲೆ. ಅಲ್ಲಿಯವರೆಗೂ ಎಷ್ಟೋ ಮಕ್ಕಳಿಗೆ ವಾರದ ಕೊನೆಯ ಶಾಲೆಯೇ ಶಾಲೆ.

ನಮ್ಮ ‘ಶಾಲೆ’ಯ ಕಥೆ ಬೇರೆ. ಸಂಸ್ಕೃತದ ‘ಶಾಲಾ’ ಎಂದರೆ ಮನೆ, ಚಾವಡಿ, ಕಟ್ಟಡ. ಪಾಕಶಾಲೆ, ಗೋಶಾಲೆ, ಯಜ್ಞಶಾಲೆ, ಎಲ್ಲವೂ ಜಾಗದ ಹೆಸರುಗಳೇ. ಉತ್ತರ ಕರ್ನಾಟಕದ ‘ಸಾಲಿ’ಯೂ ಅದೇ. ಗ್ರೀಕರ ಪದ ಹೊತ್ತನ್ನು ಹೇಳಿತು, ನಮ್ಮದು ಸೂರನ್ನು ಹೇಳಿತು.

ಆ ಲೆಕ್ಕದಲ್ಲಿ ನಾವು ನಡೆಸುತ್ತಿರುವುದು ಶಾಲೆಯೇ ಅಲ್ಲ. ನಮಗೆ ಸ್ವಂತ ಸೂರಿಲ್ಲ. ಬಾಡಿಗೆ ಹಾಲ್‌ನಲ್ಲಿ ಕುರ್ಚಿ ಜೋಡಿಸಿ, ಪಾಠ ಮುಗಿದ ತಕ್ಷಣ ಮುಂದಿನ ಗುಂಪಿಗಾಗಿ ಎತ್ತಿಟ್ಟು, ವರ್ಣಮಾಲೆಯ ಚಾರ್ಟುಗಳನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಹೊರಡುವವರು ನಾವು. ನಮ್ಮ ಹತ್ತಿರ ಇರುವುದು ಮಕ್ಕಳದ್ದೂ ದೊಡ್ಡವರದ್ದೂ ಸೇರಿ ಶನಿವಾರದ ಒಂದಿಷ್ಟು ಬಿಡುವು ಮಾತ್ರ. ಹಾಗಾಗಿ ಗ್ರೀಕರ ಅರ್ಥದಲ್ಲಿ ಮಾತ್ರ ಇದು ಅಪ್ಪಟ ಸ್ಕೂಲ್.

ಮೊನ್ನೆ ಇದನ್ನೆಲ್ಲಾ ಆ ಹುಡುಗನಿಗೆ ಹೇಳಿದೆ. ಚಾರ್ಟು ಸುತ್ತುತ್ತಾ ಕೇಳಿಸಿಕೊಂಡವನು, “ಹಾಗಾದ್ರೆ ಸೋಮವಾರ ಹೋಗ್ತೀವಲ್ಲ, ಅದೇನು ಆಂಟಿ?” ಎಂದ.