ನಂಜು: ಗಡಿಯಾರ ನೋಡಿ ಕೊಡುವ ಚಿಕಿತ್ಸೆ

ಕಾಲಿಗೆ ಜಾಲಿಮುಳ್ಳು ಚುಚ್ಚಿದರೆ ‘ನಂಜಾದೀತು, ಜೋಕೆ’ ಎಂದು ಹಳ್ಳಿಯ ಹಿರಿಯರು ಎಚ್ಚರಿಸುತ್ತಾರೆ. ಗಾಯ, ನ್ಯುಮೋನಿಯಾ, ಹೆರಿಗೆಯ ನಂತರದ ಸೋಂಕು– ಮೂಲ ಯಾವುದೇ ಇರಲಿ, ಸೋಂಕಿನೊಡನೆ ಸೆಣಸುವ ಭರದಲ್ಲಿ ದೇಹ ತನ್ನ ಅಂಗಗಳಿಗೇ ಹಾನಿ ಮಾಡಿಕೊಳ್ಳುವ ಸ್ಥಿತಿಯನ್ನು ವೈದ್ಯರು ‘ಸೆಪ್ಸಿಸ್’ ಎನ್ನುತ್ತಾರೆ. ಆಗ ರಕ್ತದೊತ್ತಡ ಕುಸಿಯಬಹುದು, ಮೂತ್ರಪಿಂಡ ಸೋಲಬಹುದು.

ಇದನ್ನು ನಿಯಮ ಕಟ್ಟಿ ಎದುರಿಸಿದ ಕಥೆ ಹಳೆಯದು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಎಲ್ಲರೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆದೇ ಬಾಣಂತಿಯರನ್ನು ಮುಟ್ಟಬೇಕೆಂದು ಕಟ್ಟುಮಾಡಿದ. ಸಾವು ಗಣನೀಯವಾಗಿ ಇಳಿಯಿತು. 1952ರ ಪೋಲಿಯೊ ಪಿಡುಗಿನ ಅನುಭವದಿಂದ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ತೀವ್ರ ನಿಗಾ ಘಟಕ ಹುಟ್ಟಿತು. ಆದರೆ ನಂಜೇರಿದ ರೋಗಿಗೆ ಯಾವುದನ್ನು ಮೊದಲು, ಎಷ್ಟು ಹೊತ್ತಿನೊಳಗೆ ಮಾಡಬೇಕೆಂಬ ಒಮ್ಮತ ಮಾತ್ರ ಬಹುಕಾಲ ಇರಲಿಲ್ಲ.

2001ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಡಾ. ಎಮ್ಯಾನುಯೆಲ್ ರಿವರ್ಸ್ ತಂಡ 263 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಮೊದಲ ಆರು ಗಂಟೆ ನಿಗದಿತ ಕ್ರಮದಲ್ಲಿ ದ್ರವ, ಔಷಧ, ರಕ್ತ ಕೊಟ್ಟಾಗ ಆಸ್ಪತ್ರೆಯಲ್ಲಿನ ಸಾವು ಶೇ 46.5ರಿಂದ 30.5ಕ್ಕೆ ಇಳಿದಿತ್ತು. 2004ರಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂತು. ರಕ್ತದ ಮಾದರಿ ತೆಗೆಯುವುದು, ತಡಮಾಡದೆ ಆ್ಯಂಟಿಬಯಾಟಿಕ್ ಕೊಡುವುದು, ದ್ರವ ಏರಿಸುವುದು, ಒತ್ತಡ ಏಳದಿದ್ದರೆ ಅದಕ್ಕೆ ಔಷಧ– ಹೀಗೆ ಚಿಕಿತ್ಸೆಗೊಂದು ವೇಳಾಪಟ್ಟಿ ಸಿದ್ಧವಾಯಿತು.

ಮುಂದೆ ಕಥೆ ತಿರುವು ಪಡೆಯಿತು. 2014–15ರಲ್ಲಿ ಪ್ರಕಟವಾದ ಮೂರು ದೊಡ್ಡ ಅಧ್ಯಯನಗಳಲ್ಲಿ ರಿವರ್ಸ್ ಕ್ರಮಕ್ಕೂ ವೈದ್ಯರ ಸಾಮಾನ್ಯ ಚಿಕಿತ್ಸೆಗೂ ಸಾವಿನಲ್ಲಿ ಅಂತರ ಕಾಣಲಿಲ್ಲ. ಬೇಗ ಗುರುತಿಸಿ ಬೇಗ ಔಷಧ ಕೊಡುವುದು ಅಷ್ಟರಲ್ಲಿ ಎಲ್ಲೆಡೆ ರೂಢಿಯಾಗಿತ್ತು. 2017ರಲ್ಲಿ ಆಫ್ರಿಕಾದ ಜಾಂಬಿಯಾದಿಂದ ಬಂದ ವರದಿ ಇನ್ನೂ ಕಟುವಾಗಿತ್ತು. ಹೆಚ್ಚಿನವರು ಎಚ್‌ಐವಿ ಸೋಂಕಿತರಾಗಿದ್ದ 209 ರೋಗಿಗಳಲ್ಲಿ, ದ್ರವಕ್ಕೆ ಒತ್ತು ಕೊಟ್ಟ ನಿಗದಿತ ಕ್ರಮಕ್ಕೆ ಒಳಪಟ್ಟವರ ಪೈಕಿ ಶೇ 48ರಷ್ಟು ಮಂದಿ ಸತ್ತರು. ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ 33. ಉಸಿರಾಟ ಯಂತ್ರಗಳು ವಿರಳವಾದ ಕಡೆ ಅತಿಯಾದ ದ್ರವವೇ ಅಪಾಯ ತರಬಹುದು. ಒಂದೂರಿನ ಪಟ್ಟಿ ಇನ್ನೊಂದೂರಿಗೆ ಹಾಗೆಯೇ ಹೊಂದುವುದಿಲ್ಲ.

ಹಾಗೆಂದು ಗಡಿಯಾರವನ್ನು ಮರೆಯುವಂತಿಲ್ಲ. ನ್ಯೂಯಾರ್ಕ್ ರಾಜ್ಯ 2013ರಲ್ಲಿ ಇಂಥ ಕ್ರಮವನ್ನು ಆಸ್ಪತ್ರೆಗಳಿಗೆ ಕಡ್ಡಾಯ ಮಾಡಿತು. ಬಳಿಕ ಸುಮಾರು 49 ಸಾವಿರ ರೋಗಿಗಳ ದಾಖಲೆ ಪರಿಶೀಲಿಸಿದಾಗ, ಆ್ಯಂಟಿಬಯಾಟಿಕ್ ತಡವಾದ ಒಂದೊಂದು ಗಂಟೆಗೂ ಸಾವಿನ ಸಂಭವ ಹೆಚ್ಚಿದ್ದು ಕಂಡುಬಂತು.

ಮೊಳಕಾಲ್ಮುರು ತಾಲ್ಲೂಕಿನ ರಾಂಪುರದಂಥ ಊರಿಗೆ ಮುಖ್ಯವಾದುದು ಈ ಮಾತೇ. ಬಳ್ಳಾರಿ–ಚಳ್ಳಕೆರೆ ಹೆದ್ದಾರಿಯ ಈ ಊರಿನವರಿಗೆ ದೊಡ್ಡಾಸ್ಪತ್ರೆಯೆಂದರೆ ಪಕ್ಕದ ಜಿಲ್ಲೆಯ ಬಳ್ಳಾರಿ, ಇಲ್ಲವೇ ಇನ್ನೂ ದೂರದ ಚಿತ್ರದುರ್ಗ. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ದಾರಿಯನ್ನು ಸುಗಮಗೊಳಿಸಿದೆ, ನಿಜ. ಆದರೆ ಆಸ್ಪತ್ರೆಯ ಗಡಿಯಾರ ಶುರುವಾಗುವುದು ರೋಗಿ ಬಾಗಿಲಿಗೆ ಬಂದ ಮೇಲೆ. ನಂಜಿನ ಗಡಿಯಾರ ಮನೆಯಲ್ಲೇ ಓಡತೊಡಗಿರುತ್ತದೆ. ಜ್ವರದ ಜೊತೆ ಏದುಸಿರು, ಬಡಬಡಿಕೆ, ಕಡಿಮೆಯಾದ ಮೂತ್ರ ಕಂಡರೆ ‘ಬೆಳಗಾಗಲಿ, ನೋಡೋಣ’ ಎನ್ನಬಾರದು.