ದುರ್ಗದ ರಾಮಾಚಾರಿ ಯಾರ ಸ್ವತ್ತು?

ಕಥಾನಾಯಕನೊಬ್ಬನ ಹೆಸರಿನಲ್ಲಿ ಜನರು ಎರಡು ಪಾಳೆಯಗಳಾಗಿ ಒಡೆಯುವುದು ಇಂದು ನಿನ್ನೆಯ ಸಂಗತಿಯಲ್ಲ. ನಮ್ಮ ಮನೆಗಳ ಹದಿಹರೆಯದ ಮಕ್ಕಳು ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ರ ಡಿಸಿ ಸಂಸ್ಥೆ ದೊಡ್ಡದೋ, ಸ್ಪೈಡರ್‌ಮ್ಯಾನ್, ಐರನ್‌ಮ್ಯಾನ್‌ರ ಮಾರ್ವೆಲ್ ಸಂಸ್ಥೆ ದೊಡ್ಡದೋ ಎಂದು ಊಟದ ನಡುವೆಯೇ ವಾದಕ್ಕಿಳಿಯುತ್ತಾರೆ. 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಅಚ್ಚಾದಾಗ ಅದು ಅಗ್ಗದ ಕಾಗದದ ಚಿತ್ರಕಥೆ. 1996ರ ವೇಳೆಗೆ ಎರಡೂ ಸಂಸ್ಥೆಗಳು ಕೂಡಿ, ತಮ್ಮ ನಾಯಕರನ್ನು ಪರಸ್ಪರ ಕಾಳಗಕ್ಕಿಳಿಸುವ ಮಾಲಿಕೆಯನ್ನೇ ಹೊರತಂದವು. ಅದರ 11 ಕಾಳಗಗಳಲ್ಲಿ 5ರ ಫಲಿತಾಂಶವನ್ನು ಓದುಗರ ಮತಕ್ಕೇ ಬಿಟ್ಟವು! ಅಭಿಮಾನಿಗಳ ಜಗಳವೂ ಮಾರಾಟದ ಸರಕಾಗಬಲ್ಲದೆಂದು ವ್ಯಾಪಾರಿಗಳು ಬಲ್ಲರು. ಸ್ವಾರಸ್ಯವೆಂದರೆ, 1941ರಲ್ಲಿ ಮಾರ್ವೆಲ್‌ನ ಪೂರ್ವಸಂಸ್ಥೆಗಾಗಿ ಜೋ ಸೈಮನ್‌ರೊಡನೆ ಕ್ಯಾಪ್ಟನ್ ಅಮೆರಿಕವನ್ನು ಸೃಷ್ಟಿಸಿದ ಜಾಕ್ ಕರ್ಬಿ, 1970ರಲ್ಲಿ ಮಾರ್ವೆಲ್ ತೊರೆದು ಡಿಸಿಗೆ ಹೋಗಿ ಅಲ್ಲಿಯೂ ಹೊಸ ಪಾತ್ರಗಳನ್ನು ರಚಿಸಿದರು. ಅಭಿಮಾನಿಗಳು ಹಾಕಿದ ಬೇಲಿಯನ್ನು ಕಲಾವಿದರು ಸುಲಭವಾಗಿ ದಾಟುತ್ತಾರೆ.

ಇದೇ ಬಗೆಯ ಕಥೆ ನಮ್ಮ ಚಿತ್ರದುರ್ಗದಲ್ಲಿಯೂ ನಡೆದಿದೆ. ಇಲ್ಲಿ ಚಿತ್ರಕಥೆಯ ಪುಸ್ತಕದ ಸ್ಥಾನದಲ್ಲಿ ಕಾದಂಬರಿಯಿತ್ತು. ಹಾರುವ ವೀರರ ಸ್ಥಾನದಲ್ಲಿ ಮುಂಗೋಪಿಯಾದ ಒಬ್ಬ ಹುಡುಗನಿದ್ದ.

1972ನೆಯ ಇಸವಿ ಕನ್ನಡ ಚಿತ್ರರಂಗದ ಮಟ್ಟಿಗೆ ಒಂದು ಹೊಸ್ತಿಲು. ಆ ವರ್ಷದ ಮಾರ್ಚ್‌ನಲ್ಲಿ ರಾಜ್‌ಕುಮಾರ್ ಅವರ 'ಬಂಗಾರದ ಮನುಷ್ಯ' ತೆರೆಕಂಡಿತು. ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ಬೇಸಾಯಕ್ಕಿಳಿಯಲು ಅನೇಕ ತರುಣರಿಗೆ ಅದು ಪ್ರೇರಣೆಯಾಯಿತೆಂದು ಹಿರಿಯರು ಇಂದಿಗೂ ಹೇಳುತ್ತಾರೆ. ಅದೇ ವರ್ಷದ ಡಿಸೆಂಬರ್ 29ರಂದು 'ನಾಗರಹಾವು' ಬಂದಿತು. ನಿರ್ದೇಶಕರು ಪುಟ್ಟಣ್ಣ ಕಣಗಾಲ್, ನಿರ್ಮಾಪಕರು ಎನ್. ವೀರಾಸ್ವಾಮಿ. ಅದಕ್ಕೆ ಮುನ್ನ 'ವಂಶವೃಕ್ಷ'ದ ಸಣ್ಣ ಪಾತ್ರವೊಂದರಲ್ಲಿ ಕಾಣಿಸಿಕೊಂಡಿದ್ದ ಸಂಪತ್ ಕುಮಾರ್ ಎಂಬ ತರುಣ ಈ ಚಿತ್ರದಿಂದ ವಿಷ್ಣುವರ್ಧನನಾದ. ಜಲೀಲನ ಕಿರುಪಾತ್ರದಲ್ಲಿ ಅಂಬರೀಶ್ ಮೊದಲ ಬಾರಿಗೆ ತೆರೆಗೆ ಬಂದರು. ಎರಡು ಪಾಳೆಯಗಳೂ ತಲೆಯ ಮೇಲೆ ಹೊತ್ತು ಮೆರೆಸಿದ ಈ ಎರಡು ಚಿತ್ರಗಳೂ ಹುಟ್ಟಿದ್ದು ಕನ್ನಡ ಕಾದಂಬರಿಗಳಿಂದ. ಮೊದಲನೆಯದರ ಮೂಲ ಟಿ.ಕೆ. ರಾಮರಾಯರದು, ಎರಡನೆಯದರ ಮೂಲ ದುರ್ಗದ ತ.ರಾ. ಸುಬ್ಬರಾಯರದು.

ತರಾಸು ಅವರನ್ನು ಈ ಜಿಲ್ಲೆಯವರಿಗೆ ಪರಿಚಯಿಸಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನಕ್ಕೆ ಸೇರಿದವರು. ಪಾಳೆಯಗಾರರ ಕಾಲದ ದುರ್ಗವನ್ನು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ', 'ದುರ್ಗಾಸ್ತಮಾನ' ಮೊದಲಾದ ಕಾದಂಬರಿಗಳಲ್ಲಿ ಮರಳಿ ಕಟ್ಟಿದವರು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಅವರ ಮೂರು ಸಾಮಾಜಿಕ ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣನವರು ಚಿತ್ರ ಮಾಡಿದರು. ಕೋಟೆಯ ಬಂಡೆಗಳು, ಬತೇರಿಗಳು, ಬಿಸಿಲು ಎಲ್ಲವೂ ಅದರಲ್ಲಿ ಪಾತ್ರಗಳಂತೆಯೇ ಮಾತನಾಡಿದವು. ಹೈದರಾಲಿಯ ಸೈನಿಕರನ್ನು ಒನಕೆಯಿಂದ ಸದೆಬಡಿದ ಓಬವ್ವನ ಪ್ರಸಂಗವನ್ನು ಜಯಂತಿಯವರು ಅಭಿನಯಿಸಿ, ಪಿ.ಬಿ. ಶ್ರೀನಿವಾಸ್ ಹಾಡಿದ ಮೇಲೆ, ದುರ್ಗದ ಆ ಹೆಣ್ಣುಮಗಳು ಕರ್ನಾಟಕದ ಮನೆಮನೆಗೂ ಪರಿಚಿತಳಾದಳು. ಪಠ್ಯಪುಸ್ತಕ ಮಾಡಲಾಗದ ಕೆಲಸವನ್ನು ಕೆಲವು ನಿಮಿಷಗಳ ಹಾಡು ಮಾಡಿತೆಂದರೆ ಇತಿಹಾಸದ ಅಧ್ಯಾಪಕರು ಮುನಿಯಬಾರದು.

ಮೂಲ ಲೇಖಕರು ಮಾತ್ರ ಸಂತೋಷಪಡಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವಾಗಿ ಮಾಡಿದರೆಂಬ ಅರ್ಥದಲ್ಲಿ ತರಾಸು ಆಡಿದರೆನ್ನಲಾದ ಮಾತು ಕನ್ನಡ ಸಾಹಿತ್ಯವಲಯದಲ್ಲಿ ಪ್ರಸಿದ್ಧವಾಗಿದೆ. ಓದಿದವರಿಗೂ ನೋಡಿದವರಿಗೂ ನಡುವೆ ಅಂದು ನಡೆದ ಈ ಚರ್ಚೆ ನನ್ನ ದೃಷ್ಟಿಯಲ್ಲಿ ಬೆಲೆಯುಳ್ಳದ್ದು. ಬರೆದ ಕಥೆಯೊಂದು ತೆರೆಗೆ ಬಂದಾಗ ಏನನ್ನು ಗಳಿಸುತ್ತದೆ, ಏನನ್ನು ಕಳೆದುಕೊಳ್ಳುತ್ತದೆ ಎಂಬುದು ಅದರ ತಿರುಳು. ಆದರೆ ಅದಕ್ಕೆ ಆಯುಸ್ಸು ಬಹಳವಿರಲಿಲ್ಲ. ಅದಕ್ಕಿಂತ ಗಟ್ಟಿದನಿಯ ಬೇರೊಂದು ಜಗಳ ಬಂದು ಅದನ್ನು ನುಂಗಿಬಿಟ್ಟಿತು.

1973ರಲ್ಲಿ 'ಗಂಧದ ಗುಡಿ' ಬಂದಿತು. ರಾಜ್‌ಕುಮಾರ್ ಅದರಲ್ಲಿ ಪ್ರಾಮಾಣಿಕ ಅರಣ್ಯಾಧಿಕಾರಿ. ವಿಷ್ಣುವರ್ಧನ್ ಅವರಿಗೆ ಎದುರಾಳಿಯ ಪಾತ್ರ. ಚಿತ್ರೀಕರಣದ ಸಮಯದಲ್ಲಿ ಬಂದೂಕಿಗೆ ಸಂಬಂಧಿಸಿ ಅಚಾತುರ್ಯವೊಂದು ನಡೆಯಿತೆಂಬ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತಾ ಕೊಲೆಯ ಸಂಚಿನ ಕಥೆಯಾಗಿ ಬೆಳೆಯಿತು. ವದಂತಿಗೆ ಸಾಕ್ಷಿ ಬೇಕಿಲ್ಲ, ಕೇಳುವ ಕಿವಿಯಿದ್ದರೆ ಸಾಕು. ಇಪ್ಪತ್ತಮೂರರ ಹರೆಯದ ನಟ ಅನೇಕರ ದೃಷ್ಟಿಯಲ್ಲಿ ಅಪರಾಧಿಯಾದ. ಆ ಇಬ್ಬರು ಮತ್ತೆಂದೂ ಒಂದೇ ಚಿತ್ರದಲ್ಲಿ ನಟಿಸಲಿಲ್ಲ.

ಮುಂದಿನ ದಶಕಗಳಲ್ಲಿ ಈ ಪೈಪೋಟಿ ಊರೂರಿಗೂ ಹರಡಿತು. ಹೊಸ ಚಿತ್ರದ ಪ್ರತಿಗಳು ಮೊದಲು ದೊಡ್ಡ ನಗರಗಳಿಗೆ ಬಂದು, ಎಷ್ಟೋ ಕಾಲದ ಮೇಲೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ತಾಲ್ಲೂಕು ಕೇಂದ್ರಗಳನ್ನೂ ಆಮೇಲೆ ಹಳ್ಳಿಯ ಟೆಂಟುಗಳನ್ನೂ ತಲುಪುತ್ತಿದ್ದ ಕಾಲವದು. ಚಿತ್ರಕ್ಕಿಂತ ಮೊದಲೇ ಜಗಳ ಬಂದಿರುತ್ತಿತ್ತು! ಅಭಿಮಾನಿ ಸಂಘದ ಫಲಕಗಳು, ಆಳೆತ್ತರವನ್ನು ಮೀರಿದ ಕಟೌಟುಗಳು, ಅವುಗಳಿಗೆ ಹಾಲಿನ ಅಭಿಷೇಕ, ಎದುರು ಪಾಳೆಯದ ಪೋಸ್ಟರಿಗೆ ಸಗಣಿ. ಒಬ್ಬರ ಚಿತ್ರ ನೂರು ದಿನ ಓಡಿದರೆ ಇನ್ನೊಬ್ಬರ ಅಭಿಮಾನಿಗೆ ಅದು ಸ್ವಂತ ಮನೆಯ ಅವಮಾನ. ಈ ಸಂಘಗಳಿಂದ ಒಳಿತಾಗಲೇ ಇಲ್ಲವೆಂದರೆ ತಪ್ಪಾದೀತು. ರಕ್ತದಾನ, ನೇತ್ರದಾನಗಳನ್ನು ಸಾಮಾನ್ಯ ಜನರ ಬಳಿಗೆ ಒಯ್ದದ್ದರಲ್ಲಿ, 1982ರ ಗೋಕಾಕ್ ಚಳವಳಿಗೆ ಜನಬಲ ತುಂಬಿದ್ದರಲ್ಲಿ ಅವುಗಳ ಪಾಲಿದೆ.

ಇಷ್ಟೆಲ್ಲ ಗದ್ದಲದ ನಡುವೆ ಪಾಳೆಯಗಳಿಗೆ ಕಾಣದೇ ಹೋದ ಸಂಗತಿಯೊಂದಿದೆ. ಕೋಟೆಯ ಈ ಲೇಖಕ ಇಬ್ಬರಿಗೂ ಸೇರಿದವರು. 1964ರಲ್ಲಿ ರಾಜ್‌ಕುಮಾರ್ ನಟಿಸಿದ 'ಚಂದವಳ್ಳಿಯ ತೋಟ' ತರಾಸು ಅವರ ಕಾದಂಬರಿ. ಅದಕ್ಕೆ ರಾಷ್ಟ್ರಪ್ರಶಸ್ತಿಯ ಗೌರವವೂ ದೊರೆಯಿತು. 1993ರಲ್ಲಿ ಅದೇ ರಾಜ್‌ಕುಮಾರ್ ನಟಿಸಿ, ಟಿ.ಎಸ್. ನಾಗಾಭರಣ ನಿರ್ದೇಶಿಸಿದ 'ಆಕಸ್ಮಿಕ'ದ ಕಥೆಯೂ ತರಾಸು ಅವರ ಲೇಖನಿಯದೇ. ಇವೆರಡರ ನಡುವೆ 1972ರ ರಾಮಾಚಾರಿ ನಿಂತಿದ್ದಾನೆ. ಒಂದೇ ಬಾವಿಯ ನೀರನ್ನು ಎರಡು ಕೊಡಗಳಲ್ಲಿ ತುಂಬಿ, ಯಾವ ಕೊಡದ ನೀರು ಸಿಹಿ ಎಂದು ಹೊಡೆದಾಡಿದಂತಾಯಿತು.

ಕಥೆಯ ಗತಿಯೂ ಹೀಗೆಯೇ. 'ನಾಗರಹಾವು' ಎಂದೊಡನೆ ಅಭಿಮಾನಿಗೆ ನೆನಪಾಗುವುದು ವಿಷ್ಣುವರ್ಧನರ ನಡಿಗೆ, ಕಣ್ಣು, ಕೋಪ. ನಮ್ಮ ಧರ್ಮಕೇಂದ್ರಗಳ ಕುಟುಂಬಗಳಾದರೂ ಮಾರ್ಗರೆಟ್‌ಳನ್ನು ನೆನೆಯಬೇಕಲ್ಲವೆ? ಜಿಲ್ಲಾ ಕೇಂದ್ರವೊಂದರ ಕ್ರೈಸ್ತ ಹುಡುಗಿಯನ್ನು ಕಥೆಯ ನಡುಮನೆಗೆ ತಂದ ಕನ್ನಡ ಚಿತ್ರಗಳು ಆ ಕಾಲದಲ್ಲಿ ಎಷ್ಟಿದ್ದವು? ಶುಭಾ ಅಭಿನಯಿಸಿದ ಈ ಪಾತ್ರದ ಉಡುಪು, ಚೆಲ್ಲುತನಗಳಲ್ಲಿ ಅಂದಿನ ಸಿನಿಮಾ ಕ್ರೈಸ್ತ ಹೆಣ್ಣಿಗೆ ಹೊಲಿಸಿಟ್ಟಿದ್ದ ಸಿದ್ಧ ಅಂಗಿ ಕಾಣುತ್ತದೆ. ನಮ್ಮ ಮನೆಯ ಹೆಣ್ಣುಮಕ್ಕಳು ಹಾಗಿರಲಿಲ್ಲವೆಂದು ಬೇಸರಿಸಿದರೆ ಅದರಲ್ಲಿ ನ್ಯಾಯವಿದೆ. ಆದರೂ ಕಥೆ ಅವಳನ್ನು ಅಲ್ಲಿಗೇ ಬಿಡುವುದಿಲ್ಲ. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಮೊದಲು ಅಲಮೇಲುವನ್ನು ಬಿಟ್ಟುಕೊಟ್ಟಿರುತ್ತಾನೆ. ಮದುವೆಯಾಗಿ ಹೋದ ಅವಳು ಗಂಡನಿಂದಲೇ ಪಾಪದ ಕೂಪಕ್ಕೆ ತಳ್ಳಲ್ಪಟ್ಟಿದ್ದನ್ನು ಕಣ್ಣಾರೆ ಕಾಣುತ್ತಾನೆ. ಮಾರ್ಗರೆಟ್‌ಳನ್ನೂ ಬಿಡೆಂದು ಮೇಷ್ಟ್ರು ಕೇಳಿದಾಗ ಬೆಟ್ಟದ ಮೇಲೆ ಅವನು ಸಿಡಿಯುತ್ತಾನೆ. ಗುರುವಿನ ಸಾವು, ಆಮೇಲೆ ಪ್ರೇಮಿಗಳ ಸಾವು.

ಚಾಮಯ್ಯ ಮೇಷ್ಟ್ರು ಕೆಟ್ಟವರಲ್ಲ. ಕೆ.ಎಸ್. ಅಶ್ವಥ್ ಅವರ ಮುಖದಲ್ಲಿ ಆ ಪಾತ್ರ ಎಷ್ಟು ಮಮತೆಯದೆಂದರೆ, ಅವರ ಮಾತಿನಿಂದಲೇ ಎರಡು ಹೆಣ್ಣುಜೀವಗಳು ಬೆಲೆ ತೆತ್ತವೆಂಬುದು ನೋಡುವಾಗ ಹೊಳೆಯುವುದೇ ಇಲ್ಲ. ಪ್ರೀತಿಸುವ ಹಿರಿಯರೇ ಮಕ್ಕಳನ್ನು ಹೇಗೆ ಕಳೆದುಕೊಳ್ಳುತ್ತಾರೆ ಎಂಬುದನ್ನು ಇಷ್ಟು ನಿಷ್ಠುರವಾಗಿ ಕೇಳಿದ ಕಥೆ ಊರಿನ ನಡುವೆಯೇ ಇತ್ತು. ಎರಡು ಧರ್ಮಗಳ ನಡುವಿನ ವಿವಾಹದ ಮಾತು ಬಂದಾಗ ನಮ್ಮ ಮನೆಗಳಲ್ಲಿಯೂ ಏಳುವ ಬಿರುಗಾಳಿಗೆ ಅದು ಕನ್ನಡಿ. ಆದರೆ ಸಂಘದ ಫಲಕಗಳಲ್ಲಿ ಮಾರ್ಗರೆಟ್‌ಳಿಗಾಗಲಿ ಅಲಮೇಲುವಿಗಾಗಲಿ ಎಡೆಯಿರಲಿಲ್ಲ.

ಪಾಳೆಯದ ಜಗಳಕ್ಕೆ ಕಥೆಯ ಹಂಗು ತಪ್ಪಿದ ಮೇಲೆ ಅದು ಎಲ್ಲಿಗೆ ಬೇಕಾದರೂ ಹೋಗಬಲ್ಲದು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ನಿಧನರಾದಾಗ ಬೆಂಗಳೂರಿನಲ್ಲಿ ನಡೆದ ಗಲಭೆಯಲ್ಲಿ ಪೊಲೀಸ್ ಪೇದೆಯೊಬ್ಬರೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಸಾತ್ವಿಕರೆಂದು ಹೆಸರಾದ ನಟನ ಅಂತಿಮಯಾತ್ರೆಗೆ ಇಂಥ ಕಲೆ ಅಂಟಬಾರದಿತ್ತು. 2009ರ ಡಿಸೆಂಬರ್ 30ರಂದು, 'ನಾಗರಹಾವು' ಬಿಡುಗಡೆಯಾದ ದಿನಕ್ಕೆ 37 ವರ್ಷ ತುಂಬಿದ ಮರುದಿನ, ವಿಷ್ಣುವರ್ಧನ್ ತೀರಿಕೊಂಡರು. ಅವರ ಸ್ಮಾರಕದ ವಿವಾದ ವರ್ಷಗಟ್ಟಲೆ ಎಳೆದು, 2023ರಲ್ಲಿ ಮೈಸೂರಿನ ಬಳಿ ಸ್ಮಾರಕ ಉದ್ಘಾಟನೆಯಾಯಿತು. ರಾಜ್‌ಕುಮಾರ್ ಅವರಿಗೆ 1992ರಲ್ಲಿ ಸಂದಿದ್ದ ಕರ್ನಾಟಕ ರತ್ನ ಗೌರವ ವಿಷ್ಣುವರ್ಧನರಿಗೆ ಮರಣೋತ್ತರವಾಗಿ ಘೋಷಿತವಾದದ್ದು 2025ರಲ್ಲಿ.

ಈ ನಡುವೆ ಅಭಿಮಾನದ ಹೊಸ ಪಾಳೆಯಗಳು ಹೊಸ ನಟರ ಹೆಸರಿನಲ್ಲಿ ಎದ್ದಿದ್ದವು. 2024ರ ಜೂನ್‌ನಲ್ಲಿ ಚಿತ್ರದುರ್ಗದ ಯುವಕನೊಬ್ಬ ಬೆಂಗಳೂರಿನಲ್ಲಿ ಕೊಲೆಯಾದ. ಪ್ರಸಿದ್ಧ ನಟರೊಬ್ಬರೂ ಅವರ ಅಭಿಮಾನಿಗಳೂ ಆರೋಪಿಗಳಾದ ಆ ಪ್ರಕರಣ ನ್ಯಾಯಾಲಯದ ಮುಂದೆ ಹೋಯಿತು. ಅದರ ತೀರ್ಪು ನಮ್ಮ ಕೆಲಸವಲ್ಲ. ಆದರೆ ಮಗನನ್ನು ಕಳೆದುಕೊಂಡ ಮನೆಯೊಂದು ದುರ್ಗದಲ್ಲಿದೆ ಎಂಬುದನ್ನು ಈ ಜಿಲ್ಲೆಯವರು ಮರೆಯಲಾಗದು.

ಲೇಖಕ, ನಿರ್ದೇಶಕರ ಜಗಳ ಏನಾಯಿತೆಂದು ಕೇಳಬಹುದು. ಕೇರೆಹಾವಿನ ಮಾತಿನ ನಂತರವೂ ಪುಟ್ಟಣ್ಣನವರು ತರಾಸು ಪುಸ್ತಕಗಳನ್ನು ಕೆಳಗಿಡಲಿಲ್ಲ. ತಮ್ಮ ಕೊನೆಯ ಚಿತ್ರಕ್ಕೆ ಅವರು ಆರಿಸಿಕೊಂಡದ್ದು ತರಾಸು ಅವರದೇ 'ಮಸಣದ ಹೂವು' ಕಾದಂಬರಿಯನ್ನು. ನಾಗರಹಾವಿನ ಜಲೀಲ ಅಂಬರೀಶ್, ಓಬವ್ವ ಜಯಂತಿ ಇಬ್ಬರೂ ಅದರಲ್ಲಿದ್ದರು. 1984ರ ಏಪ್ರಿಲ್‌ನಲ್ಲಿ ತರಾಸು ತೀರಿಕೊಂಡರು. 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮರುವರ್ಷ. ಅದೇ 1985ರ ಜೂನ್‌ನಲ್ಲಿ, ಚಿತ್ರ ಮುಗಿಯುವ ಮೊದಲೇ, ಪುಟ್ಟಣ್ಣನವರೂ ಕಣ್ಮುಚ್ಚಿದರು. ಉಳಿದ ಭಾಗವನ್ನು ಕೆ.ಎಸ್.ಎಲ್. ಸ್ವಾಮಿಯವರು ಪೂರ್ಣಗೊಳಿಸಿದರು.